ಅಜ್ಜನ .375 ರೈಫಲ್‌ಗೆ ಯಾವ ಸ್ಕೋಪ್ ತಡೆಯುತ್ತೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಅಡಿಕೆ ತೋಟ ಇದೆ. ಅಜ್ಜನ ಕಾಲದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂ ರೈಫಲ್ ಈಗ ನನ್ನ ಲೈಸೆನ್ಸ್‌ನಲ್ಲಿದೆ. ವರ್ಷಕ್ಕೆ ಎರಡು ಮೂರು ಸಲ 50 ಮೀಟರ್ ರೇಂಜ್‌ನಲ್ಲಿ ಹೊಡೆಯುತ್ತೇನೆ. ವಯಸ್ಸು 57 ಆಯಿತು, ಹಿಂದಿನ ಸೈಟು ಮುಂದಿನ ಸೈಟು ಎರಡೂ ಮಂಜು ಮಂಜು. ಅದಕ್ಕೆ ಒಂದು 3-9×40 ಸ್ಕೋಪ್ ಹಾಕಿಸಿದೆ, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಮಿಲಿಮೀಟರ್ ಇರುವ ಗುರಿ ದುರ್ಬೀನು. ಹದಿನಾಲ್ಕನೇ ಈಡಿಗೆ ಗುರಿ ಒಂದು ಗೇಣು ಎಡಕ್ಕೆ ಹೋಯಿತು. ಹುಬ್ಬೂ ಒಡೆಯಿತು. ಪರಿಚಯದವರು "ಅದು ಸಣ್ಣದಾಯ್ತು, 6-24 ತಗೊಳ್ಳಿ" ಅಂತಾರೆ. ತೋಟಕ್ಕೆ ಹಂದಿ ಕಾಟವೂ ಇದೆ, ಅದಕ್ಕೂ ಆಗುತ್ತೆ ಅಂತಾರೆ. ಒದೆತ ತಡೆಯುವ ಸ್ಕೋಪ್ ಯಾವುದು, ಹೇಗೆ ಆರಿಸಬೇಕು?

ಉತ್ತರ: 6-24 ತಗೊಳ್ಳಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದುವಾಗ ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ. ನಿಮ್ಮ ರೈಫಲ್‌ಗೆ ಬೇಕಿರುವುದು ಚಿಕ್ಕ, ಹಗುರವಾದ, ಕಡಿಮೆ ಪವರ್‌ನ ಸ್ಕೋಪ್. ಫಿಕ್ಸೆಡ್ ಆದರೆ 2.5 ಅಥವಾ 4 ಪವರ್. ಬದಲಾಯಿಸುವಂಥದ್ದು ಬೇಕೆಂದರೆ 1-4, 1-5, ಹೆಚ್ಚೆಂದರೆ 1-6. ಆದರೆ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ನೋಡಬೇಕಾದ ಒಂದು ಕೆಲಸ ಇದೆ.

ನಿಮ್ಮ ಹಳೆಯ ಸ್ಕೋಪ್ ನಿಜವಾಗಿಯೂ ಹಾಳಾಗಿದೆಯಾ ಅಂತ ನೋಡಿ. ನಾನು ಬಹಳ ವರ್ಷದಿಂದ ಕೋವಿ ರಿಪೇರಿ ಮಾಡಿಕೊಂಡು ಬಂದವನು. "ಸ್ಕೋಪ್ ಹೋಯ್ತು" ಅಂತ ತಂದವರಲ್ಲಿ ಎಷ್ಟೋ ಜನರ ಸ್ಕೋಪ್ ಸರಿಯಾಗಿಯೇ ಇರುತ್ತದೆ. ಕೆಳಗಿನ ಸ್ಕ್ರೂ ಸಡಿಲ ಆಗಿರುತ್ತದೆ, ಅಷ್ಟೇ. ಒಂದು ಲೆಕ್ಕ ಹೇಳುತ್ತೇನೆ. ಸ್ಕೋಪನ್ನು ಹಿಡಿದಿರುವ ಎರಡು ರಿಂಗ್‌ಗಳ ನಡುವೆ 10 ಸೆಂಟಿಮೀಟರ್ ಅಂತರ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದು ರಿಂಗ್ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ ಪಕ್ಕಕ್ಕೆ ಜರುಗಿದರೂ 50 ಮೀಟರ್‌ನಲ್ಲಿ ಗುಂಡು ಒಂದು ಗೇಣು ಪಕ್ಕಕ್ಕೆ ಹೋಗುತ್ತದೆ. ನಿಮಗೆ ಆಗಿರುವುದೂ ಒಂದು ಗೇಣು, ಅಲ್ವಾ?

ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ. ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಸ್ಕೋಪ್ ಹಿಡಿದು ಅಲುಗಾಡಿಸಿ. ಆಮೇಲೆ ಬೆಳಕಿನಲ್ಲಿ ರಿಂಗಿನ ಮುಂದುಗಡೆ, ಅಂದರೆ ನಳಿಗೆಯ ಬಾಯಿ ಕಡೆ, ಸ್ಕೋಪಿನ ಕೊಳವೆಯ ಮೇಲೆ ಹೊಳೆಯುವ ಉಜ್ಜಿದ ಗುರುತು ಇದೆಯಾ ನೋಡಿ. ಈಡು ಹಾರಿದಾಗ ರೈಫಲ್ ಹಿಂದಕ್ಕೆ ಹೋಗುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ರಿಂಗ್ ಬಿಗಿ ಸಾಲದಿದ್ದರೆ ಸ್ಕೋಪ್ ಮುಂದಕ್ಕೆ ಜಾರುತ್ತದೆ. ಗುರುತು ಇದ್ದರೆ ತಪ್ಪು ರಿಂಗಿನದು.

ಗುರುತು ಇಲ್ಲ, ಎಲ್ಲ ಬಿಗಿಯಾಗಿದೆ ಅಂದರೆ ಒಳಗೆ ನೋಡಬೇಕು. ರೈಫಲ್ ಅಲುಗಾಡದ ಹಾಗೆ ಎರಡು ಮರಳು ಚೀಲದ ಮೇಲೆ ಕೂರಿಸಿ. ಅಂಗಳದಾಚೆಯ ಒಂದು ಮರದ ಗುರುತಿಗೆ ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಅಡ್ಡ ಉದ್ದ ಗೆರೆ) ಹೊಂದಿಸಿ. ಪಕ್ಕದ ತಿರುಪನ್ನು ಬಲಕ್ಕೆ ಇಪ್ಪತ್ತು ಕ್ಲಿಕ್ ತಿರುಗಿಸಿ, ಕ್ರಾಸ್‌ಹೇರ್ ಜರುಗುವುದನ್ನು ನೋಡಿ. ಮತ್ತೆ ಇಪ್ಪತ್ತು ವಾಪಸ್ ತನ್ನಿ. ಅದೇ ಗುರುತಿಗೆ ಬಂದು ನಿಲ್ಲಬೇಕು. ಬರದೇ ನಿಂತು, ಬೆರಳಲ್ಲಿ ಮೆತ್ತಗೆ ತಟ್ಟಿದಾಗ ಟಕ್ಕನೆ ಜಿಗಿದರೆ ಒಳಗಿನ ಸ್ಪ್ರಿಂಗ್ ಸತ್ತಿದೆ ಅಂತ ಅರ್ಥ.

ಆ ಸ್ಪ್ರಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕೋಪ್ ಬಾಳಿಕೆಯ ಗುಟ್ಟು ಅಲ್ಲಿದೆ. ಹೊರಗಿನ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಎರೆಕ್ಟರ್ ಟ್ಯೂಬ್ ಅಂತಾರೆ. ಅದು ಒಂದು ತುದಿಯಲ್ಲಿ ಕೀಲಿನ ಮೇಲೆ ಕೂತಿರುತ್ತದೆ. ಇನ್ನೊಂದು ತುದಿಯನ್ನು ಮೇಲಿನ ಮತ್ತು ಪಕ್ಕದ ತಿರುಪುಗಳು ತಳ್ಳುತ್ತವೆ, ಎದುರಿನಿಂದ ಒಂದು ಪಟ್ಟಿ ಸ್ಪ್ರಿಂಗ್ ಅದುಮಿ ಹಿಡಿದಿರುತ್ತದೆ. ನಾವು ಕ್ಲಿಕ್ ಮಾಡಿದಾಗ ಜರುಗುವುದು ಈ ಕೊಳವೆ. ಪವರ್ ಬದಲಾಯಿಸುವ ಸ್ಕೋಪ್ ಆದರೆ ಇದರೊಳಗೇ ಇನ್ನೂ ಎರಡು ಮಸೂರದ ಜೋಡಣೆ ಹಿಂದೆ ಮುಂದೆ ಸರಿಯುತ್ತವೆ. ಒಂದು ಸಲ ಒಬ್ಬರು ದೊಡ್ಡ ರೈಫಲ್‌ನಿಂದ ಬಿಚ್ಚಿದ ಸ್ಕೋಪ್ ನನ್ನ ಮೇಜಿಗೆ ತಂದರು. ಕಿವಿ ಹತ್ತಿರ ಹಿಡಿದು ಬಾಗಿಸಿದೆ. ಒಳಗೆ ಅಕ್ಕಿಕಾಳು ಉರುಳಿದ ಹಾಗೆ ಸದ್ದು. ಬಿಚ್ಚಿ ನೋಡಿದರೆ ಆ ಪಟ್ಟಿ ಸ್ಪ್ರಿಂಗ್ ಮಧ್ಯಕ್ಕೆ ಮುರಿದಿತ್ತು. ನನ್ನ ಕಿರುಬೆರಳಿನ ಉಗುರಿನಷ್ಟು ಅಗಲ, ಕಾಗದದಷ್ಟು ತೆಳು. ಗಾಜು ಒಂದೂ ಒಡೆದಿರಲಿಲ್ಲ. ಮಸೂರಗಳು ಹೊಸದರ ಹಾಗೆ ಹೊಳೆಯುತ್ತಿದ್ದವು.

ಈಗ ನಿಮ್ಮ ರೈಫಲ್ ಎಷ್ಟು ಒದೆಯುತ್ತದೆ ಅಂತ ನೋಡೋಣ. .375 ಹಾಲೆಂಡ್ ಅಂಡ್ ಹಾಲೆಂಡ್ 1912ರಲ್ಲಿ ಬಂದ ತೋಟಾ. ಆಫ್ರಿಕಾದ ಕಾಡೆಮ್ಮೆ, ಆನೆಯಂಥ ದೊಡ್ಡ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 300 ಗ್ರೇನ್ ಗುಂಡು, ಅಂದರೆ ಸುಮಾರು 19 ಗ್ರಾಂ, ಸೆಕೆಂಡಿಗೆ 760-770 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದರ ಒದೆತ .30-06ರ ಸುಮಾರು ಎರಡರಷ್ಟು. ನಮ್ಮ ಇಶಾಪುರ ಫ್ಯಾಕ್ಟರಿಯ .315 ಇದರ ಮುಂದೆ ಬಹಳ ಮೃದು. ನಾನು ಕೈಲೆಕ್ಕ ಹಾಕಿ ನೋಡಿದ್ದೇನೆ. ಗುಂಡು ನಳಿಗೆಯಲ್ಲಿರುವ ಒಂದೂವರೆ ಮಿಲಿಸೆಕೆಂಡಿಗೂ ಕಮ್ಮಿ ಹೊತ್ತಿನಲ್ಲಿ, ಎಲ್ಲ ಭಾಗಗಳ ಮೇಲೂ ಅವುಗಳ ತೂಕದ ಹೆಚ್ಚುಕಮ್ಮಿ 300 ಪಟ್ಟು ಎಳೆತ ಬೀಳುತ್ತದೆ. 300 ಗ್ರಾಂ ಸ್ಕೋಪ್ ಆ ಕ್ಷಣಕ್ಕೆ ಒಂದು ಕ್ವಿಂಟಾಲ್ ಹತ್ತಿರ ಎಳೆಯುತ್ತದೆ. 600 ಗ್ರಾಂ ಆದರೆ ಎರಡು ಕ್ವಿಂಟಾಲ್ ಹತ್ತಿರ. ಅಷ್ಟನ್ನೂ ಹಿಡಿದಿರುವುದು ನಾಲ್ಕು ಸಣ್ಣ ಸ್ಕ್ರೂ. 6-24 ಸ್ಕೋಪ್‌ಗಳಲ್ಲಿ ಹೆಚ್ಚಿನವು 600 ಗ್ರಾಂ ದಾಟುತ್ತವೆ. ಮುಂದಿನ ಗಾಜು ದೊಡ್ಡದು, ಒಳಗೆ ಸರಿಯುವ ಭಾಗ ಜಾಸ್ತಿ. ನಾನು ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯಿತಲ್ಲ.

ಕಡಿಮೆ ಪವರ್ ಸ್ಕೋಪ್ ಅಂದರೆ ಸುಮ್ನೆ ಕಡಿಮೆ ದರ್ಜೆ ಅಂತ ಜನ ತಿಳಿಯುತ್ತಾರೆ. ನನಗೆ ಇದು ಬೇಜಾರು. ದೊಡ್ಡ ಒದೆತದ ರೈಫಲ್‌ಗೆ ಅದೇ ಸರಿಯಾದ ಜೋಡಿ. ಹೆಚ್ಚಿನವಕ್ಕೆ ಮುಂದಿನ ತುದಿ ಉಬ್ಬಿರುವುದಿಲ್ಲ, ನೇರ ಕೊಳವೆ. ಹಾಗಾಗಿ ನಳಿಗೆಗೆ ತೀರಾ ಹತ್ತಿರ, ಆದರೆ ತಾಗದ ಹಾಗೆ, ಕೆಳಗೆ ಕೂರಿಸಬಹುದು. ಕೆನ್ನೆ ಹಿಡಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ನೋಟ ಅಗಲ: 1 ಪವರ್‌ನಲ್ಲಿ 100 ಮೀಟರ್ ದೂರದಲ್ಲಿ 30 ಮೀಟರ್‌ಗಿಂತ ಜಾಸ್ತಿ ಅಗಲ ಕಾಣುತ್ತದೆ, 9 ಪವರ್‌ನಲ್ಲಿ ನಾಲ್ಕೈದು ಮೀಟರ್ ಕಂಡರೆ ಹೆಚ್ಚು. ಬೆಳಕಿನ ಲೆಕ್ಕವೂ ನಿಮ್ಮ ಪರ ಇದೆ. ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿ. 24ನ್ನು 4ರಿಂದ ಭಾಗಿಸಿದರೆ 6 ಮಿಲಿಮೀಟರ್ ಬೆಳಕು ಕಣ್ಣಿಗೆ ಬರುತ್ತದೆ. ನಿಮ್ಮ ಹಳೆಯ 40ರ ಗಾಜಿನಲ್ಲಿ 9 ಪವರ್ ಇಟ್ಟರೆ ನಾಲ್ಕೂವರೆ ಮಿಲಿಮೀಟರ್ ಕೂಡ ಬರುವುದಿಲ್ಲ. ನಮ್ಮ ವಯಸ್ಸಿನಲ್ಲಿ ಪಾಪೆ ಸಂಜೆ ಹೊತ್ತಿಗೂ ಐದು ಆರು ಮಿಲಿಮೀಟರ್‌ಗಿಂತ ಹೆಚ್ಚು ಅರಳುವುದು ಕಷ್ಟ. ಹಾಗಾಗಿ 4 ಪವರ್‌ನಲ್ಲಿ ನಿಮ್ಮ ಕಣ್ಣು ಹಿಡಿಯುವಷ್ಟು ಬೆಳಕು ಪೂರ್ತಿ ಸಿಗುತ್ತದೆ. 50 ಮೀಟರ್ ಗುರಿಗೆ 4 ಪವರ್ ಧಾರಾಳ ಸಾಕು.

ಇನ್ನು ಹುಬ್ಬು. ಇದನ್ನು ಹಗುರವಾಗಿ ತಗೊಳ್ಳಬೇಡಿ. ಒಂದು ಸಲ ಪೆಟ್ಟು ತಿಂದ ಕಣ್ಣು ಮುಂದಿನ ಈಡಿಗೆ ತಾನಾಗಿ ಮುಚ್ಚುತ್ತದೆ. ಆಮೇಲೆ ಎಂಥ ಸ್ಕೋಪ್ ಹಾಕಿದರೂ ಗುರಿ ನಿಲ್ಲುವುದಿಲ್ಲ. ಹಿಂದಿನ ಗಾಜಿಗೂ ಕಣ್ಣಿಗೂ ಇರಬೇಕಾದ ಅಂತರಕ್ಕೆ ಐ ರಿಲೀಫ್ ಅಂತಾರೆ. .375ಗೆ ಕನಿಷ್ಠ 9 ಸೆಂಟಿಮೀಟರ್ ಬೇಕು, 10 ಇದ್ದರೆ ನೆಮ್ಮದಿ. ಕಮ್ಮಿ ಬೆಲೆಯ 3-9ರಲ್ಲಿ ಪವರ್ ಏರಿಸಿದ ಹಾಗೆ ಈ ಅಂತರ ಕುಗ್ಗುತ್ತದೆ. ನೀವು 9ಕ್ಕೆ ಏರಿಸಿಕೊಂಡು ಮೇಜಿನ ಮೇಲೆ ಬಗ್ಗಿ ಹೊಡೆದಿರುತ್ತೀರಿ. ಬಗ್ಗಿದಾಗ ತಲೆ ಮುಂದಕ್ಕೆ ತೆವಳುತ್ತದೆ. ಹೊಸ ಸ್ಕೋಪ್ ಕೂರಿಸುವಾಗ ಹೀಗೆ ಮಾಡಿ. ದಪ್ಪ ಅಂಗಿ ಹಾಕಿಕೊಂಡು ನಿಂತುಕೊಳ್ಳಿ. ಕಣ್ಣು ಮುಚ್ಚಿ ಖಾಲಿ ರೈಫಲ್ ಹೆಗಲಿಗೇರಿಸಿ, ಕಣ್ಣು ಬಿಡಿ. ಸುತ್ತಲೂ ಕಪ್ಪು ಅಂಚಿಲ್ಲದೆ ಪೂರ್ತಿ ದುಂಡಗೆ ಕಂಡರೆ ಜಾಗ ಸರಿ. ಆಮೇಲೆ ಮೇಜಿನ ಮೇಲೂ ಬಗ್ಗಿ ನೋಡಿ. ಅನುಮಾನ ಇದ್ದರೆ ಸ್ಕೋಪನ್ನು ಒಂದು ಬೆರಳಗಲ ಮುಂದಕ್ಕೇ ಇಡಿ.

ಹೆಸರು ಕೇಳಿದ್ದೀರಿ, ಹೇಳುತ್ತೇನೆ. ನನ್ನ ಮನಸ್ಸು ಮೊದಲು ಹೋಗುವುದು ಫಿಕ್ಸೆಡ್ ಪವರ್ ಕಡೆ. ಒಳಗೆ ಸರಿಯುವ ಭಾಗ ಕಮ್ಮಿ, ಕೆಡುವುದೂ ಕಮ್ಮಿ. ಲ್ಯೂಪೋಲ್ಡ್‌ನ ಎಫ್ಎಕ್ಸ್-2 ಸಾಲಿನ 2.5×20 ಅಲ್ಟ್ರಾಲೈಟ್ ಇನ್ನೂರು ಗ್ರಾಂ ಕೂಡ ತೂಗುವುದಿಲ್ಲ. ಅದೇ ಸಾಲಿನ 4×33 ಸಹ ಒಳ್ಳೆಯದು. ಒಳ್ಳೆ ಸ್ಥಿತಿಯ ಹಳೆಯದು ಬಿಲ್ ಸಮೇತ ಸಿಕ್ಕರೆ ಬಿಡಬೇಡಿ. ಬದಲಾಗುವ ಪವರ್ ಬೇಕೆಂದರೆ ಲ್ಯೂಪೋಲ್ಡ್ ವಿಎಕ್ಸ್-5ಎಚ್‌ಡಿ 1-5×24 ಅಥವಾ ಸ್ವರೋವ್‌ಸ್ಕಿ ಜಡ್6ಐ 1-6×24. ಕೊನೆಯದರ ಗಾಜು ಬಹಳ ಚೆಂದ, ದುಡ್ಡೂ ಹಾಗೆಯೇ. ಲ್ಯೂಪೋಲ್ಡ್‌ನವರು .308 ರೈಫಲ್‌ನ ಮೂರು ಪಟ್ಟು ಒದೆತವನ್ನು ಯಂತ್ರದಲ್ಲಿ 5,000 ಸಲ ಕೊಟ್ಟು ಪರೀಕ್ಷೆ ಮಾಡುತ್ತೇವೆ ಅಂತ ಹೇಳುತ್ತಾರೆ. ಯಾವ ಕಂಪನಿಯದೇ ಆಗಲಿ, ಡಬ್ಬಿಯ ಮೇಲೆ ಸುಮ್ನೆ "ಶಾಕ್ ಪ್ರೂಫ್" ಅಂತ ಬರೆದಿದ್ದರೆ ನಂಬಬೇಡಿ. ಇಂಥ ಕ್ಯಾಲಿಬರ್‌ವರೆಗೆ ತಡೆಯುತ್ತದೆ ಅಂತ ಬರೆದು ಕೊಡುತ್ತಾರಾ ಕೇಳಿ. ಏರ್‌ಗನ್‌ಗೆ ಅಂತ ಮಾರುವ ಸ್ಕೋಪ್ ಬೇರೆ, ಇದು ಬೇರೆ. ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಜರ್ಕ್ ಕೊಡುತ್ತದೆ. ಅದನ್ನು ತಡೆದದ್ದು ಇದನ್ನು ತಡೆಯುತ್ತದೆ ಅಂತಲೂ ಇಲ್ಲ, ಇದನ್ನು ತಡೆದದ್ದು ಅದನ್ನು ತಡೆಯುತ್ತದೆ ಅಂತಲೂ ಇಲ್ಲ.

ರೆಡ್ ಡಾಟ್ ಬಗ್ಗೆಯೂ ಯೋಚಿಸಬಹುದು. ಅದು ಏನನ್ನೂ ದೊಡ್ಡದು ಮಾಡದೆ ಗಾಜಿನಲ್ಲಿ ಒಂದು ಕೆಂಪು ಚುಕ್ಕಿ ಮಾತ್ರ ತೋರಿಸುವ ಸೈಟು. ಏಮ್‌ಪಾಯಿಂಟ್ ಮೈಕ್ರೋ ಥರದ್ದು ನೂರು ಗ್ರಾಂ ಆಸುಪಾಸು ಇರುತ್ತದೆ, ಹುಬ್ಬಿಗೆ ತಾಗುವ ಮಾತೇ ಇಲ್ಲ. ಆದರೆ ಕಣ್ಣಲ್ಲಿ ಆಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಸಮ ಇಲ್ಲದ ದೋಷ) ಇದ್ದರೆ ಚುಕ್ಕಿ ದುಂಡಗೆ ಕಾಣದೆ ಕಿರಣ ಬಿಟ್ಟ ನಕ್ಷತ್ರದ ಹಾಗೆ ಕಾಣುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕನ್ನಡಕ ಹಾಕಿಕೊಂಡೇ ನೋಡಿ.

ಈಗ ಬೇಸು ಮತ್ತು ರಿಂಗು. ಬೇಸು ಅಂದರೆ ರೈಫಲ್ ಮೇಲೆ ಸ್ಕ್ರೂ ಹಾಕಿ ಕೂರಿಸುವ ಪಟ್ಟಿ, ಅದರ ಮೇಲೆ ರಿಂಗ್ ಕೂರುತ್ತದೆ. ಸ್ಕೋಪಿಗೆ ಐವತ್ತು ಸಾವಿರ ಕೊಟ್ಟು ರಿಂಗಿಗೆ ಐನೂರು ಕೊಡುವವರನ್ನು ನೋಡಿ ನೋಡಿ ಸಾಕಾಗಿದೆ. ಸ್ಟೀಲ್ ಬೇಸೇ ಬೇಕು, ಸ್ಟೀಲ್ ರಿಂಗೇ ಬೇಕು. ಬೇಸಿನ ಮೇಲೆ ಅಡ್ಡ ಕಚ್ಚು ಇರಬೇಕು, ರಿಂಗಿನ ಅಡ್ಡ ಕಡ್ಡಿ ಅದರೊಳಗೆ ಕೂರಬೇಕು. ಬರೀ ಪಕ್ಕದಿಂದ ಅದುಮಿ ಹಿಡಿಯುವ ರಿಂಗ್ ಇಷ್ಟು ಒದೆತಕ್ಕೆ ಸಾಲದು. ಬಿಗಿ ಮಾಡುವ ಮೊದಲು ರಿಂಗನ್ನು ಆ ಕಚ್ಚಿನಲ್ಲಿ ಮುಂದಕ್ಕೆ ದೂಡಿ ಹಿಡಿಯಿರಿ. ಯಾಕೆಂದರೆ ಒದೆತದಲ್ಲಿ ಅದು ಹೋಗುವುದು ಮುಂದಕ್ಕೇ. ಮೊದಲೇ ಅಲ್ಲಿ ಆನಿಸಿಟ್ಟರೆ ಆಮೇಲೆ ಜರುಗಲು ಜಾಗ ಇರುವುದಿಲ್ಲ.

ಬೇಸನ್ನು ರೈಫಲ್‌ಗೆ ಹಿಡಿಯುವ ಸ್ಕ್ರೂ ಸಾಮಾನ್ಯವಾಗಿ 6-48 ಅಂತ ಬರುತ್ತದೆ, ಸುಮಾರು ಮೂರೂವರೆ ಮಿಲಿಮೀಟರ್ ದಪ್ಪ. ದೊಡ್ಡ ಒದೆತದ ರೈಫಲ್‌ಗಳಿಗೆ ತೂತು ಸ್ವಲ್ಪ ದೊಡ್ಡದು ಮಾಡಿ 8-40 ಸ್ಕ್ರೂ ಹಾಕುವ ಪದ್ಧತಿ ಇದೆ, ಅದು ನಾಲ್ಕು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದು ಲೈಸೆನ್ಸ್ ಇರುವ, ಕೈ ಪಳಗಿದ ಕೆಲಸಗಾರರಿಂದಲೇ ಆಗಬೇಕು. ಅಜ್ಜನ ರೈಫಲ್ ಮೈಗೆ ಹೊಸ ತೂತು ಕೊರೆಯುವ ಮಾತು ಬಂದರೆ ನಿಲ್ಲಿಸಿ, ಯೋಚಿಸಿ. ಈಗಾಗಲೇ ಇರುವ ತೂತಿನಲ್ಲೇ ಕೆಲಸ ಆಗುವುದಾದರೆ ಅಷ್ಟಕ್ಕೇ ಬಿಡಿ. ಸ್ಕ್ರೂ, ತೂತು, ರಿಂಗಿನ ಒಳಮೈ ಎಲ್ಲವನ್ನೂ ಅಸಿಟೋನ್‌ನಲ್ಲಿ ಒರೆಸಿ ಎಣ್ಣೆ ಪಸೆ ತೆಗೆಯಿರಿ. ಬೇಸಿನ ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಒಂದೊಂದು ಹನಿ ಸಾಕು. ಕೆಂಪು ಬೇಡ, ಆಮೇಲೆ ಬಿಚ್ಚಲು ಬರುವುದಿಲ್ಲ. ಎಷ್ಟು ಬಿಗಿ ಅನ್ನುವುದನ್ನು ಕೈಯ ಅಂದಾಜಿಗೆ ಬಿಡಬೇಡಿ, ಬಿಗಿತ ಅಳೆದು ತೋರಿಸುವ ಟಾರ್ಕ್ ಡ್ರೈವರ್ ಬಳಸಿ. ರಿಂಗಿನ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್, ಅಂದರೆ ಎರಡು ನ್ಯೂಟನ್ ಮೀಟರ್ ಆಸುಪಾಸು. ರಿಂಗಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಜಾಸ್ತಿ ಬಿಗಿದರೆ ಕೊಳವೆ ಜಜ್ಜಿ ಒಳಗಿನ ಎರೆಕ್ಟರ್ ಸಿಕ್ಕಿಕೊಳ್ಳುತ್ತದೆ. ನಾಲ್ಕು ಸ್ಕ್ರೂಗಳನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಗುರಿ ಹೊಂದಿಸುವಾಗ ಗುಂಡು ಉಳಿಸಿ. ಈ ಗುಂಡು ಸಿಗುವುದೇ ಕಷ್ಟ, ಬೆಲೆಯೂ ಜಾಸ್ತಿ. ಬೋಲ್ಟ್ ತೆಗೆದು ನಳಿಗೆಯ ಒಳಗಿಂದ 25 ಮೀಟರ್ ಗುರಿ ನೋಡಿ, ರೈಫಲ್ ಅಲುಗಾಡದ ಹಾಗೆ ಕ್ರಾಸ್‌ಹೇರ್ ಅಲ್ಲಿಗೇ ತನ್ನಿ. ಇದಕ್ಕೇ ತಿರುಪು ಅರ್ಧಕ್ಕಿಂತ ಜಾಸ್ತಿ ತಿರುಗಬೇಕಾಗಿ ಬಂದರೆ ಬೇಸು ವಾರೆ ಕೂತಿದೆ. ತಿರುಪಿನ ಕೊನೆಯಲ್ಲಿ ನಿಂತ ಸ್ಪ್ರಿಂಗ್‌ಗೆ ಬಲ ಇರುವುದಿಲ್ಲ, ಬೇಸು ಸರಿ ಮಾಡಿಸಿ. ಆಮೇಲೆ 25ರಲ್ಲಿ ಎರಡು ಈಡು, 50ರಲ್ಲಿ ಮೂರು. ಕಾಲು ಎಂಓಎ ಕ್ಲಿಕ್ ಆದರೆ (ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) 50 ಮೀಟರ್‌ನಲ್ಲಿ ಒಂದು ಕ್ಲಿಕ್ಕಿಗೆ ಗುಂಡು ಸುಮಾರು ಮೂರೂವರೆ ಮಿಲಿಮೀಟರ್ ಜರುಗುತ್ತದೆ. ರಿಂಗಿನ ಅಂಚಿಗೆ ಸರಿಯಾಗಿ ಕೊಳವೆಯ ಮೇಲೆ ಬಿಳಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ ಐದು ಈಡಿಗೆ ಅದನ್ನು ನೋಡಿ. ಇಪ್ಪತ್ತು ಈಡು ಆದ ಮೇಲೂ ಗೆರೆ ಅಲ್ಲೇ, ಗುರಿಯೂ ಅಲ್ಲೇ ಇದ್ದರೆ ಜೋಡಣೆ ನಿಂತಿತು. ಇಪ್ಪತ್ತನ್ನೂ ಒಂದೇ ದಿನ ಹೊಡೆಯಬೇಡಿ, ಹೆಗಲು ಸೋತರೆ ಕೈ ತಪ್ಪುತ್ತದೆ.

ಹಂದಿ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟಕ್ಕೆ ಬಂದ ಹಂದಿಗೆ ಹೊಡೆಯಬಹುದು ಅಂತಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕಾನೂನು ಬದಿಗಿಟ್ಟರೂ .375 ತೋಟದ ಕೋವಿಯಲ್ಲ. ಆ ಗುಂಡು ಹಂದಿಯನ್ನೂ ಹಿಂದಿನ ಅಡಿಕೆ ಮರವನ್ನೂ ದಾಟಿ ಹೋಗುತ್ತದೆ. ನಮ್ಮ ಕಡೆ ಮನೆಗಳು ತೋಟದ ನಡುನಡುವೆ ಚದುರಿಕೊಂಡಿವೆ. ತಪ್ಪಿದ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ದಯವಿಟ್ಟು ಇದನ್ನು ರೇಂಜ್‌ಗೆ ಮಾತ್ರ ಇಟ್ಟುಕೊಳ್ಳಿ. ಸ್ಕೋಪ್ ಕೊಳ್ಳುವ ಮುಂಚೆ ನಿಮಗೆ ಲೈಸೆನ್ಸ್ ಕೊಟ್ಟ ಡಿಸಿ ಕಚೇರಿಯಲ್ಲಿ ಒಂದು ಮಾತು ಕೇಳಿ, ಅಧಿಕೃತ ಅಂಗಡಿಯಲ್ಲೇ ಬಿಲ್ ಸಮೇತ ತಗೊಳ್ಳಿ.

ಆಗುಂಬೆ ಕಡೆಯವರಿಗೆ ಒದೆತದಷ್ಟೇ ದೊಡ್ಡ ಶತ್ರು ತೇವ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ಗೋಡೆಯೇ ಬೆವರುತ್ತದೆ. ಒಳ್ಳೆಯ ಸ್ಕೋಪಿನೊಳಗೆ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬಿರುತ್ತಾರೆ, ಅದಕ್ಕೇ ಒಳಗೆ ಮಂಜು ಕಟ್ಟುವುದಿಲ್ಲ. ಒದೆತದಿಂದ ಎಲ್ಲಾದರೂ ಸೀಲ್ ಬಿಟ್ಟರೆ ನೈಟ್ರೋಜನ್ ಹೋಗಿ ತೇವ ಬರುತ್ತದೆ. ಅದರ ಹಿಂದೆಯೇ ಮಸೂರದ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು. ನೀರು ಹೋಗದ ಸ್ಕೋಪ್ ಅಂತ ಕಂಪನಿ ಹೇಳಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ರೈಫಲ್‌ಗೆ ಕೂರಿಸುವ ಮೊದಲು ಮಾಡಿ. ತಿರುಪಿನ ಮುಚ್ಚಳ ಬಿಗಿ ಮಾಡಿ. ಎಣ್ಣೆಸ್ನಾನಕ್ಕೆ ಹದ ಮಾಡಿಕೊಳ್ಳುವಷ್ಟು ಬಿಸಿಯ ನೀರನ್ನು ಬಕೆಟ್‌ಗೆ ತೋಡಿ, ಸ್ಕೋಪ್ ಪೂರ್ತಿ ಮುಳುಗಿಸಿ ಒಂದು ನಿಮಿಷ ಹಿಡಿಯಿರಿ. ಮೊದಲು ಅಂಚುಗಳಲ್ಲಿ ಸಿಕ್ಕಿಕೊಂಡ ಗಾಳಿ ನಾಲ್ಕಾರು ಗುಳ್ಳೆ ಬರುತ್ತದೆ, ಅದಕ್ಕೆ ಹೆದರಬೇಡಿ. ಒಂದೇ ಜಾಗದಿಂದ ಸಾಲಾಗಿ ಬರುತ್ತಲೇ ಇದ್ದರೆ ಅಲ್ಲಿ ಸೋರುತ್ತಿದೆ. ಒರೆಸಿ, ಡಬ್ಬಿಗೆ ಹಾಕಿ, ವಾಪಸ್ ಕೊಡಿ.

ಚರ್ಮದ ಚೀಲದಲ್ಲಿ ಇಟ್ಟುಬಿಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಹಿಂದಿನವರು ಕೋವಿಯನ್ನು ಒಲೆಯ ಹತ್ತಿರದ ಗೋಡೆಗೆ ತೂಗುತ್ತಿದ್ದರು. ಕಬ್ಬಿಣಕ್ಕೆ ಅದು ಸರಿ, ಮಸೂರಕ್ಕೆ ಹೊಗೆಯ ಜಿಡ್ಡು ಕೂರುತ್ತದೆ. ಬೀಗ ಇರುವ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಿ. ಮಸೂರವನ್ನು ಪಂಚೆಯ ತುದಿಯಲ್ಲಿ ಉಜ್ಜಬೇಡಿ. ಮೊದಲು ಊದಿ ಧೂಳು ಹಾರಿಸಿ, ಮೆತ್ತನೆ ಬ್ರಷ್, ಕೊನೆಗೆ ಲೆನ್ಸ್ ಬಟ್ಟೆ. ಆಯುಧಪೂಜೆ ದಿನ ಗಂಧ ಕುಂಕುಮವನ್ನು ಹಿಡಿಗೆ ಹಚ್ಚಿ, ಗಾಜಿಗೆ ಬೇಡ. ಒಣಗಿದ ಗಂಧ ಒರೆಸುವಾಗ ಗಾಜಿನ ಮೇಲಿನ ಲೇಪ ಗೀರಿಹೋಗುತ್ತದೆ. ಹಾಗೆ ಗೀರಿದ ಒಂದು ಒಳ್ಳೆಯ ಸ್ಕೋಪ್ ನನ್ನ ಹತ್ತಿರ ಬಂದಿತ್ತು, ಏನೂ ಮಾಡಲು ಆಗಲಿಲ್ಲ.

ಇನ್ನೊಂದು ಮಾತು. ಚುನಾವಣೆ ಬಂದಾಗ ಕೋವಿ ಠೇವಣಿ ಇಡಬೇಕಾಗುತ್ತದೆ. ಅಲ್ಲಿ ಹತ್ತಾರು ಕೋವಿಗಳ ಜೊತೆ ಗೋಡೆಗೆ ಆನಿಸಿ ಇಟ್ಟಿರುತ್ತಾರೆ, ಸ್ಕೋಪಿಗೆ ಪೆಟ್ಟು ಬೀಳುವುದು ಸಹಜ. ಆದ್ದರಿಂದ ರಿಂಗ್ ಕೊಳ್ಳುವಾಗ ಸನ್ನೆ ತಿರುಗಿಸಿ ತೆಗೆಯುವಂಥ ಸ್ಟೀಲ್ ರಿಂಗ್ ತಗೊಳ್ಳಿ. ಠೇವಣಿಗೆ ಮುಂಚೆ ಸ್ಕೋಪ್ ತೆಗೆದು ಮನೆಯಲ್ಲಿ ಒಣಗಿದ ಡಬ್ಬಿಯಲ್ಲಿಡಿ. ರೈಫಲ್ ಬಂದ ಮೇಲೆ ಅದೇ ಕಚ್ಚಿನಲ್ಲಿ, ಮುಂದಕ್ಕೆ ದೂಡಿ ಕೂರಿಸಿ. ಒಳ್ಳೆಯ ರಿಂಗ್ ಆದರೆ ಗುರಿ ಹೆಚ್ಚುಕಮ್ಮಿ ಇದ್ದಲ್ಲಿಗೇ ಬರುತ್ತದೆ. ಆದರೂ ಎರಡು ಈಡು ಹೊಡೆದು ನೋಡಿ. ಸದ್ಯಕ್ಕೆ ಹಳೆಯ ಸ್ಕೋಪ್ ಬಿಚ್ಚಿ, ರೈಫಲ್ ಮೇಲಿನ ತೂತುಗಳ ಫೋಟೋ, ಎರಡು ತೂತಿನ ನಡುವಿನ ಅಳತೆ, ಒಂದು ಸ್ಕ್ರೂವಿನ ದಪ್ಪ ಬರೆದು ಕಳಿಸಿ. ಯಾವ ಬೇಸು ಕೂರುತ್ತದೆ ಅಂತ ಅದನ್ನು ನೋಡಿ ಹೇಳುತ್ತೇನೆ.